ಬೈಗುಳ ಕೇಳಿಸಿಕೊಂಡ ಆ ಇಬ್ಬರು

ಆನ್‌ಲೈನ್ ಆಟದಲ್ಲಿ ನಾಲ್ಕು ಜನರ ಸ್ಕ್ವಾಡಿನಲ್ಲಿ (ತಂಡದಲ್ಲಿ) ಒಬ್ಬ ಬೈಯುತ್ತಾನೆ, ಒಬ್ಬರು ಬೈಸಿಕೊಳ್ಳುತ್ತಾರೆ, ಉಳಿದ ಇಬ್ಬರು ಕೇಳಿಸಿಕೊಂಡು ಸುಮ್ಮನಿರುತ್ತಾರೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಆಟಗಾರರು ಸೇರುವ ಬಳಗವೊಂದು ಡಿಸ್ಕಾರ್ಡ್ ಎಂಬ ಮಾತು, ಚಾಟಿನ ಆ್ಯಪ್‌ನಲ್ಲಿದೆ; ಅದರಲ್ಲಿ ನಾನು ಕೆಲವು ವರ್ಷಗಳಿಂದ ಮಾಡರೇಟರ್, ಅಂದರೆ ಮಾತಿನ ಮೇಲೆ ಕಣ್ಣಿಡುವವ. ದೂರು ಕೊಡುವ ಹೊಣೆಯನ್ನು ಬೈಸಿಕೊಂಡವರ ಹೆಗಲಿನಿಂದ ತೆಗೆದು ಆ ಇಬ್ಬರ ಮೇಲೆ ಹೊರಿಸಿದ ಮೇಲೆಯೇ ನಮ್ಮಲ್ಲಿ ಮಾತು ಹದಕ್ಕೆ ಬಂದದ್ದು. ಅದನ್ನು ಹೇಗೆ ಮಾಡಿದೆವು ಎಂದು ಬರೆಯುತ್ತಿದ್ದೇನೆ.

ಹಗಲು ನನ್ನದು ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ಮೊಬೈಲ್ ದುರಸ್ತಿ ಕೆಲಸ. ಬಳಗದ ಕೆಲಸವೆಲ್ಲ ರಾತ್ರಿಯೇ. ಹೆಚ್ಚಿನವರು ಪಬ್ಜಿಯ ಭಾರತೀಯ ರೂಪವಾದ ಬಿಜಿಎಂಐ ಆಡುತ್ತಾರೆ, ಕೆಲವರು ಫ್ರೀ ಫೈರ್ ಮ್ಯಾಕ್ಸ್, ಕಂಪ್ಯೂಟರ್ ಇರುವವರು ವ್ಯಾಲೊರಂಟ್. ಪುಣೆ, ಹೈದರಾಬಾದಿಗೆ ದುಡಿಯಲು ಹೋದ ನಮ್ಮ ಕಡೆಯ ಹುಡುಗರು ಊರಿನವರ ದನಿ ಕೇಳಲೆಂದೇ ಬಳಗದ ರೂಮಿಗೆ ಬರುವುದುಂಟು. ಅಂಥ ಜಾಗದಲ್ಲಿ ಒಬ್ಬರ ತಾಯಿಯನ್ನೋ ಜಾತಿಯನ್ನೋ ಎತ್ತಿ ಆಡುವ ಮಾತು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ.

‘ಮ್ಯೂಟ್ ಮಾಡಿಬಿಡು’ ಎಂಬ ಸಲಹೆ ಎಲ್ಲರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಆದರೆ ಸ್ಕ್ವಾಡ್ ಆಟದಲ್ಲಿ ಕಿವಿಯೇ ಅರ್ಧ ಆಟ. ಎದುರಾಳಿ ಯಾವ ಮನೆ ಹೊಕ್ಕಿದ್ದಾನೆ, ನಮ್ಮವರಲ್ಲಿ ಯಾರು ನಾಕ್ ಆಗಿ ಬಿದ್ದಿದ್ದಾರೆ, ಝೋನ್ (ಆಡಲು ಉಳಿದ ಸುರಕ್ಷಿತ ಜಾಗ) ಎತ್ತ ಕುಗ್ಗುತ್ತಿದೆ ಎಂಬುದೆಲ್ಲ ಬರುವುದು ಮಾತಿನಲ್ಲಿಯೇ. ಮ್ಯೂಟ್ ಮಾಡಿದವರಿಗೆ ಇದು ಯಾವುದೂ ಸಿಗುವುದಿಲ್ಲ; ಅವರು ಬೇಗ ಸಾಯುತ್ತಾರೆ, ಬೇಗ ಸತ್ತದ್ದಕ್ಕೆ ಮತ್ತೆ ಬೈಸಿಕೊಳ್ಳುತ್ತಾರೆ. ಹುಡುಗಿಯರಂತೂ ಮೊದಲಿನಿಂದಲೇ ತಮ್ಮ ಮೈಕ್ ಮುಚ್ಚಿಕೊಂಡು, ಹುಡುಗನ ಹೆಸರಿಟ್ಟುಕೊಂಡು ಆಡುತ್ತಾರೆ. ತಪ್ಪು ಮಾಡದವರೇ ಬಾಯಿ ಕಟ್ಟಿಕೊಳ್ಳಬೇಕು ಎನ್ನುವ ಸಲಹೆಯನ್ನು ನಾನು ಯಾರಿಗೂ ಕೊಡುವುದಿಲ್ಲ.

ಆಟದೊಳಗಿನ ರಿಪೋರ್ಟ್ ಬಟನ್ ಇದ್ದೇ ಇದೆ, ಅದನ್ನು ಒತ್ತಲೇಬೇಕು. ಆದರೆ ಧ್ವನಿಯ ಬೈಗುಳದ ಮಟ್ಟಿಗೆ ಅದರ ಕೈ ಇನ್ನೂ ಚಿಕ್ಕದು. ದೊಡ್ಡ ಕಂಪನಿಗಳು ಧ್ವನಿಯತ್ತ ತಿರುಗಿದ್ದೇ ಈಚೆಗೆ. ದೂರಿನ ತನಿಖೆಗಾಗಿ ಧ್ವನಿಯನ್ನು ಮುದ್ರಿಸಿಕೊಳ್ಳಲು ಅವಕಾಶವಾಗುವಂತೆ ವ್ಯಾಲೊರಂಟ್ ತಯಾರಿಸುವ ರಯಟ್ ಗೇಮ್ಸ್ ತನ್ನ ನಿಯಮ ಬದಲಿಸಿದ್ದು 2021ರಲ್ಲಿ. ಮರುವರ್ಷ ವ್ಯಾಲೊರಂಟ್‌ನಲ್ಲಿ ಆ ಕೆಲಸ ಶುರುವಾದದ್ದು ಉತ್ತರ ಅಮೆರಿಕದಲ್ಲಿ, ಇಂಗ್ಲಿಷ್ ಮಾತಿನಿಂದ. ಆಟಗಾರನೇ 60 ಸೆಕೆಂಡಿನ ತುಣುಕನ್ನು ಹಿಡಿದು ದೂರಿನೊಂದಿಗೆ ಕಳಿಸುವ ಸೌಲಭ್ಯವನ್ನು ಮೈಕ್ರೋಸಾಫ್ಟ್‌ನ ಆಟದ ಯಂತ್ರ ಎಕ್ಸ್‌ಬಾಕ್ಸ್ 2023ರಲ್ಲಿ ಕೊಟ್ಟಿತು. ಅದೇ ವರ್ಷ ಕಾಲ್ ಆಫ್ ಡ್ಯೂಟಿ ಆಟಕ್ಕೆ ಧ್ವನಿಯ ಬೈಗುಳ ಪತ್ತೆಹಚ್ಚುವ ಟಾಕ್ಸ್‌ಮಾಡ್ ಎಂಬ ತಂತ್ರಾಂಶ ಬಂತು. ಅದೂ ಇಂಗ್ಲಿಷ್‌ನಿಂದಲೇ ಆರಂಭಿಸಿತು, ನವೆಂಬರ್‌ನಲ್ಲಿ ಜಗತ್ತಿಗೆಲ್ಲ ಹರಡಿದಾಗ ಏಷ್ಯಾವನ್ನು ಹೊರಗಿಟ್ಟಿತು.

ನಮ್ಮ ರೂಮಿನ ಮಾತೇ ಬೇರೆ. ನಗರದ ದಖನಿ, ಆಳಂದ, ಬಸವಕಲ್ಯಾಣದ ಕಡೆಯ ಮರಾಠಿ, ಸೇಡಂ, ಗುರುಮಠಕಲ್ ಗಡಿಯ ತೆಲುಗು, ತಾಂಡಾಗಳ ಲಂಬಾಣಿ, ಇವುಗಳ ನಡುವೆ ನಮ್ಮ ಕನ್ನಡ. ಒಂದೇ ಉಸಿರಿನ ಬೈಗುಳದಲ್ಲಿ ಮೂರು ಭಾಷೆ ಇರುತ್ತವೆ. ಅದಕ್ಕಾಗಿ ಮಾಡರೇಟರ್‌ಗಳನ್ನು ಆಟದ ರ‍್ಯಾಂಕ್ ನೋಡಿ ಆರಿಸದೆ ಭಾಷೆ ನೋಡಿ ಆರಿಸಿದೆವು. ಲಂಬಾಣಿಯಲ್ಲಿ ಬೈದ ಮಾತು ಎಷ್ಟು ಕೆಟ್ಟದ್ದು ಎಂಬುದನ್ನು ಲಂಬಾಣಿ ಆಡುವವರೇ ಹೇಳಬೇಕು. ಯಾವ ದೂರನ್ನೂ ಒಬ್ಬರೇ ತೀರ್ಮಾನಿಸುವಂತಿಲ್ಲ, ಬೈದವನ ನೆಂಟರೂ ಕ್ಲಾಸ್‌ಮೇಟುಗಳೂ ಆ ದೂರಿನಿಂದ ದೂರ ಇರಬೇಕು.

ಬರಹದ ಚಾಟಿಗೆ, ಪಟ್ಟಿಯಲ್ಲಿರುವ ಪದಗಳನ್ನು ತಾನೇ ತಡೆಯುವ ಡಿಸ್ಕಾರ್ಡ್‌ನ ಆಟೊಮಾಡ್ ಬಳಸುತ್ತೇವೆ. ಅದು ಬಂದದ್ದು 2022ರಲ್ಲಿ. ಕನ್ನಡದ ಬೈಗುಳವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಬ್ಬೊಬ್ಬರದು ಒಂದೊಂದು ಕಾಗುಣಿತ. ಸ್ವರವನ್ನು ಎರಡೆರಡು ಸಲ ಒತ್ತುತ್ತಾರೆ, ಅಕ್ಷರದ ಬದಲು ಅಂಕಿ ಹಾಕುತ್ತಾರೆ. ಪಟ್ಟಿಯನ್ನು ವಾರಕ್ಕೊಮ್ಮೆ ತಿದ್ದದೆ ಇದ್ದರೆ ಅದು ಹಳತಾಗುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಜಾತಿಯ ಹೆಸರುಗಳನ್ನು ಪಟ್ಟಿಗೆ ಹಾಕಿ ತಡೆದರೆ, ತನ್ನ ಸಮುದಾಯದ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುವವನ ಸಂದೇಶವೂ ಅಳಿಸಿಹೋಗುತ್ತದೆ. ಅಡ್ಡಹೆಸರು ಬರೆದವರಿಗೂ ತೊಂದರೆ. ಆದ್ದರಿಂದ ಆ ಪದಗಳಿಗೆ ತಡೆ ಹಾಕದೆ, ಮಾಡರೇಟರ್‌ಗಳಿಗೆ ಎಚ್ಚರಿಕೆ ಮಾತ್ರ ಹೋಗುವಂತೆ ಇಟ್ಟಿದ್ದೇವೆ. ಹಿಂದು ಮುಂದಿನ ಸಾಲು ಓದಿ ಮನುಷ್ಯರೇ ನಿರ್ಧರಿಸುತ್ತೇವೆ.

ಇನ್ನು ಆ ಇಬ್ಬರ ವಿಷಯ. ನಿಯಮ ಹೀಗಿದೆ: ಪಂದ್ಯದಲ್ಲಿ ಯಾರಾದರೂ ತಾಯಿ, ತಂಗಿ, ಜಾತಿ, ಧರ್ಮ, ಮೈಯ ಊನ ಇವುಗಳನ್ನು ಎತ್ತಿ ಬೈದರೆ, ಕೇಳಿಸಿಕೊಂಡ ಪ್ರತಿಯೊಬ್ಬರೂ ಅದೇ ರಾತ್ರಿ ಮಾಡರೇಟರ್‌ಗಳಿಗೆ ಬರೆಯಬೇಕು. ಬೇರೆ ಬೇರೆಯಾಗಿ ಬರೆಯಬೇಕು, ಮಾತಾಡಿಕೊಂಡು ಬರೆಯಬಾರದು. ಪಂದ್ಯದ ಸಮಯ, ಬೈದವನ ಐಡಿ, ಆಡಿದ ಮಾತು, ಅದಕ್ಕೆ ಮುಂಚೆ ಏನಾಯಿತು, ಇಷ್ಟು ಸಾಕು. ಆಡಿದ ಮಾತನ್ನು ಮಾತ್ರ ಆಡಿದಂತೆಯೇ ಬರೆಯಬೇಕು, ಚುಕ್ಕೆ ಹಾಕಿ ಮುಚ್ಚಬಾರದು. ‘ತುಂಬಾ ಕೆಟ್ಟದಾಗಿ ಬೈದ’ ಎಂದರೆ ನಾವು ಏನನ್ನು ತೂಗಬೇಕು? ಅಂಥ ಮಾತನ್ನು ಬರೆಯಲು ಹುಡುಗರು ನಾಚುತ್ತಾರೆ, ಅದು ಒಳ್ಳೆಯ ಗುಣವೇ. ಮಾಡರೇಟರ್‌ಗಳ ಹೊರತು ಯಾರೂ ಓದುವುದಿಲ್ಲ ಎಂದು ಧೈರ್ಯ ಹೇಳಿ ಬರೆಸುತ್ತೇನೆ.

ಕೇಳಿಸಿಕೊಂಡೂ ಬರೆಯದವರಿಗೆ ಮುಂದಿನ ವಾರದ ಕಸ್ಟಮ್ ರೂಮಿನಲ್ಲಿ (ಬಳಗವೇ ಏರ್ಪಡಿಸುವ ಪಂದ್ಯದಲ್ಲಿ) ಜಾಗವಿಲ್ಲ. ಇದು ಬಿಗಿಯಾಯಿತು ಎಂದು ಬಳಗದಲ್ಲಿ ಜಗಳವೇ ಆಗಿದೆ. ಶಹಾಪುರದ ಪಿಯು ಹುಡುಗನೊಬ್ಬ ನನ್ನನ್ನು ಕೇಳಿದ: ‘ಅಣ್ಣಾ, ಗೆಳೆಯನ ಮೇಲೆ ನಾನೇ ಹೇಗೆ ಬರೆಯಲಿ? ಚಾಡಿ ಹೇಳಿದ ಹಾಗೆ ಆಗುವುದಿಲ್ಲವೇ?’ ನಾನು ಹೇಳಿದೆ: ‘ತಮ್ಮಾ, ಚಾಡಿ ಎಂದರೆ ಹಿಂದಿನಿಂದ ಹೋಗಿ ಹೇಳುವುದು. ನೀನು ಬರೆಯುತ್ತೇನೆ ಎಂದು ಅವನಿಗೇ ಮೊದಲು ಹೇಳು, ಆಮೇಲೆ ಬರೆ.’ ಅವನು ಹಾಗೆಯೇ ಮಾಡಿದ. ಅವನು ಬರೆದದ್ದು ಈ ಘಟನೆಯ ಬಗ್ಗೆ. ಬೀದರಿನ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ಮೈಕ್ ತೆರೆದ ಕೂಡಲೇ ಅವಳಿಗೆ ಕೇಳಬಾರದ ಮಾತು ಬಂದಿತ್ತು. ಅವಳು ಒಂದೂ ಮಾತಾಡದೆ ಲಾಬಿಯಿಂದ ಹೊರಟುಹೋಗಿದ್ದಳು. ಶಹಾಪುರದ ಹುಡುಗನ ಬರಹವೂ, ಆಟದಲ್ಲಿದ್ದ ಇನ್ನೊಬ್ಬನ ಎರಡು ಸಾಲೂ ಒಂದೇ ಮಾತನ್ನು ಹೇಳಿದವು. ನಾವು ಅವಳನ್ನು ಕೇಳಿದ್ದು ಇಷ್ಟೇ: ‘ಹೀಗೆ ನಡೆಯಿತು ಎಂದು ಇಬ್ಬರು ಬರೆದಿದ್ದಾರೆ. ನಿಮಗೆ ಸೇರಿಸುವುದೇನಾದರೂ ಇದೆಯೇ?’ ಇಲ್ಲ ಎಂದಳು. ಆ ಮಾತನ್ನು ಅವಳು ತನ್ನ ಬಾಯಿಂದ ಮತ್ತೊಮ್ಮೆ ಆಡಬೇಕಾಗಲಿಲ್ಲ. ನನಗೆ ಈ ಇಡೀ ಕೆಲಸದಲ್ಲಿ ಅತಿ ಮುಖ್ಯವೆನಿಸುವುದು ಇದೇ.

ಬೈದವನೊಂದಿಗೆ ಮರುದಿನ ಧ್ವನಿಯಲ್ಲೇ ಮಾತಾಡುತ್ತೇವೆ, ರಾತ್ರಿಯ ಸಿಟ್ಟು ಇಳಿದ ಮೇಲೆ. ಮೊದಲ ಸಲಕ್ಕೆ ಒಂದು ವಾರದ ಟೈಮ್‌ಔಟ್, ಅಂದರೆ ಅಷ್ಟು ದಿನ ಬಳಗದಲ್ಲಿ ಮಾತಾಡುವಂತಿಲ್ಲ. ಜಾತಿನಿಂದನೆ, ಲೈಂಗಿಕ ಮಾತು, ಮನೆಗೆ ಬಂದು ನೋಡಿಕೊಳ್ಳುತ್ತೇನೆ ಎಂಬ ಬೆದರಿಕೆ ಇದ್ದರೆ ಟೈಮ್‌ಔಟ್ ಇಲ್ಲ, ನೇರ ಬ್ಯಾನ್. ಏನು ಕ್ರಮವಾಯಿತು ಎಂಬುದನ್ನು ಬರೆದವರಿಗೂ ಬೈಸಿಕೊಂಡವರಿಗೂ ತಪ್ಪದೆ ತಿಳಿಸುತ್ತೇವೆ. ಉತ್ತರ ಬಾರದ ಕಡೆಗೆ ಯಾರೂ ಎರಡನೆಯ ಸಲ ಬರೆಯುವುದಿಲ್ಲ.

ಗೆಳೆಯರು ತಮ್ಮತಮ್ಮಲ್ಲಿ ಸಲಿಗೆಯಿಂದ ಬೈದಾಡಿದರೆ? ಮೊದಮೊದಲು ಎಲ್ಲರೂ ಎತ್ತುವ ಪ್ರಶ್ನೆ ಇದು. ಇಬ್ಬರೇ ಇರುವ ರೂಮಿನಲ್ಲಿ ಏನು ಬೇಕಾದರೂ ಆಡಿಕೊಳ್ಳಲಿ. ಮೂರನೆಯವರು ಒಳಗೆ ಬಂದ ಮೇಲೆ ಆ ಸಲಿಗೆ ಅವರಿಗೆ ಸೇರಿದ್ದಲ್ಲ.

ಬೈಗುಳ ಹುಟ್ಟುವ ಹೊತ್ತೂ ನಮಗೆ ಗೊತ್ತಾಗಿದೆ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟಿದ ಮಧ್ಯಾಹ್ನ ಮಕ್ಕಳೆಲ್ಲ ಮನೆಯೊಳಗೇ ಇರುತ್ತಾರೆ. ಕರೆಂಟು ಹೋದರೆ ವೈಫೈ ಹೋಗುತ್ತದೆ. ಆಟಗಾರ ಬಯಲಲ್ಲಿ ಕಂಬದ ಹಾಗೆ ನಿಲ್ಲುತ್ತಾನೆ, ಉಳಿದವರು ಸಾಯುತ್ತಾರೆ, ಕರೆಂಟು ಬಂದಾಗ ಅವನಿಗೆ ಬೈಗುಳ ಕಾದಿರುತ್ತದೆ. ಈಗ ರೂಮು ನಡೆಸುವವರು ಪಂದ್ಯಕ್ಕೆ ಮುಂಚೆ ಯಾರ ಊರಿನಲ್ಲಿ ಕರೆಂಟು ಹೋಗುವ ಹೊತ್ತು ಎಂದು ಕೇಳಿಕೊಳ್ಳುತ್ತಾರೆ. ಸಣ್ಣ ವಿಷಯ, ಆದರೆ ಬೇಸಿಗೆಯ ದೂರುಗಳು ಇದರಿಂದ ಕಣ್ಣಿಗೆ ಕಾಣುವಷ್ಟು ಇಳಿದವು.

ಸಾಕ್ಷ್ಯದ ವಿಷಯದಲ್ಲಿ ದುರಸ್ತಿ ಅಂಗಡಿಯ ಅನುಭವ ಕೈಹಿಡಿದಿದೆ. ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೆಕಾರ್ಡಿಂಗ್ ಆಟದ ಗುಂಡಿನ ಸದ್ದನ್ನು ಹಿಡಿದರೂ ಜೊತೆಯವರ ಮಾತನ್ನು ಎಷ್ಟೋ ಸಲ ಬಿಟ್ಟುಬಿಡುತ್ತದೆ. ಮೊದಲೇ ಪರೀಕ್ಷಿಸಿ, ಆಗದಿದ್ದರೆ ಸ್ಪೀಕರ್ ಹಾಕಿ ಇನ್ನೊಂದು ಫೋನಿನಲ್ಲಿ ಮುದ್ರಿಸಿಕೊಳ್ಳಿ. ಹೆಸರು ಬದಲಾಗುತ್ತದೆ, ಅಂಕಿಯ ಐಡಿ ಬದಲಾಗುವುದಿಲ್ಲ; ಬರೆದಿಟ್ಟುಕೊಳ್ಳಬೇಕಾದದ್ದು ಅದನ್ನು. ಡಿಸ್ಕಾರ್ಡ್‌ನಲ್ಲಿ ಸಂದೇಶವನ್ನು ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಮುದ್ರಿಸಿಕೊಂಡ ತುಣುಕನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಂಚಿದವರನ್ನು ಬೈದವನ ಜೊತೆಗೇ ಹೊರಗೆ ಹಾಕುತ್ತೇವೆ. ಅವಮಾನವನ್ನು ಊರಿಗೆಲ್ಲ ಕೇಳಿಸುವುದು ಎರಡನೆಯ ಅವಮಾನ. ನಮ್ಮದೇ ದಾಖಲೆ ಇಡುವುದಕ್ಕೆ ಇನ್ನೊಂದು ಕಾರಣವಿದೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್ಜಿ ನಿಷೇಧವಾಯಿತು, 2021ರ ಜುಲೈಯಲ್ಲಿ ಬಿಜಿಎಂಐ ಬಂತು, 2022ರ ಜುಲೈಯಲ್ಲಿ ಅದನ್ನು ಆ್ಯಪ್ ಅಂಗಡಿಗಳಿಂದ ತೆಗೆದರು, 2023ರ ಮೇಯಲ್ಲಿ ಮರಳಿತು. ಆಟಗಳು ಬರುತ್ತವೆ, ಹೋಗುತ್ತವೆ. ಬೈಯುವವನು ಮಾತ್ರ ಹೊಸ ಆಟಕ್ಕೆ ಹಳೆಯ ಬಾಯಿಯನ್ನೇ ತರುತ್ತಾನೆ.

ಕೆಲವು ಮಾತುಗಳು ಬಳಗದ ಕೈ ಮೀರಿದವು. ಮಹಿಳೆಯ ಮಾನಕ್ಕೆ ಧಕ್ಕೆ ತರುವ ಮಾತು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಮಿನಡಿ ಅಪರಾಧ. ಪರಿಶಿಷ್ಟ ಜಾತಿ, ಪಂಗಡದವರ ಜಾತಿನಿಂದನೆಗೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ದೂರು ಕೊಡಬೇಕೇ ಬೇಡವೇ ಎಂಬುದು ನೊಂದ ವಯಸ್ಕರ ನಿರ್ಧಾರ. ಅವರು ಕೊಡುತ್ತೇನೆ ಎಂದರೆ ದಾಖಲೆಯನ್ನು ತಿದ್ದದೆ ಒಪ್ಪಿಸಿ, ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಜೊತೆಯಲ್ಲಿ ಹೋಗುತ್ತೇವೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿಯೂ ದಾಖಲಿಸಬಹುದು. 18ರೊಳಗಿನ ಮಗುವಿಗೆ ಲೈಂಗಿಕ ಮಾತು ಆಡಿದ್ದರೆ ನಿರ್ಧಾರ ಯಾರ ಇಷ್ಟಕ್ಕೂ ಬಿಟ್ಟದ್ದಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ, ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಅಂದರೆ ಕೇಳಿಸಿಕೊಂಡ ಆ ಇಬ್ಬರ ಮೇಲೆ ನಾವು ಹೊರಿಸಿದ ಹೊಣೆಯನ್ನು ಇಂಥ ಪ್ರಕರಣದಲ್ಲಿ ಕಾನೂನೇ ಹೊರಿಸಿದೆ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ರೂಮಿನ ಮೇಲ್ಭಾಗದಲ್ಲೇ ಹಾಕಿದ್ದೇವೆ.

ಅಂಗಡಿಗೆ ಬರುವ ತಂದೆ ತಾಯಂದಿರು ಕೆಲವರು ‘ಗೇಮ್ ಅಳಿಸಿಬಿಡಿ’ ಎಂದು ಮಗುವಿನ ಫೋನ್ ನನ್ನ ಮುಂದಿಡುತ್ತಾರೆ. ಯಾರೋ ಬೈದರು ಎಂದು ಮನೆಯಲ್ಲಿ ಹೇಳಿಕೊಂಡದ್ದಕ್ಕೆ ಫೋನ್ ಕಳೆದುಕೊಂಡ ಮಗು ಮುಂದಿನ ಸಲ ಹೇಳುವುದಿಲ್ಲ. ಮೊದಲು ಐಡಿ ಬರೆದುಕೊಂಡು ರಿಪೋರ್ಟ್ ಮಾಡೋಣ, ಅಳಿಸುವ ಮಾತು ಆಮೇಲೆ ಎಂದು ಅವರನ್ನು ಕೂರಿಸಿ ತೋರಿಸಿಕೊಡುತ್ತೇನೆ.

ಬ್ಯಾನ್ ಆದವರು ಮರಳಿ ಬರಲು ಕೇಳಿದರೆ, ತಾವು ಆಡಿದ ಮಾತನ್ನು ಒಪ್ಪಿಕೊಂಡು ಬರೆದುಕೊಡಬೇಕು. ‘ಆವತ್ತು ಸ್ವಲ್ಪ ಜಾಸ್ತಿಯಾಯಿತು’ ಎಂಬುದು ನಡೆಯುವುದಿಲ್ಲ. ಆಮೇಲೆ ಬೈಸಿಕೊಂಡವರನ್ನು ಗುಟ್ಟಾಗಿ ಕೇಳುತ್ತೇವೆ. ಅವರು ಬೇಡವೆಂದರೆ ಅಲ್ಲಿಗೆ ಮುಗಿಯಿತು, ಕಾರಣ ಕೇಳುವುದಿಲ್ಲ. ಬೀದರಿನ ಆ ಹುಡುಗಿ ಬೇಡವೆಂದಳು. ಅವಳು ಈಗ ಶಹಾಪುರದ ಹುಡುಗನ ಸ್ಕ್ವಾಡಿನಲ್ಲಿ ಆಡುತ್ತಾಳೆ. ಎದುರಾಳಿ ಎಲ್ಲಿದ್ದಾನೆ ಎಂದು ಕೂಗಿ ಹೇಳುವ ಕೆಲಸ ಅವಳದೇ.