ಮನೆಮಂದಿಗೆಲ್ಲ ಒಂದೇ ಕಡೆ ಟಿಕೆಟ್ ಕೊಳ್ಳಬೇಡಿ: ಒರ್ಲ್ಯಾಂಡೊ ಪಾರ್ಕ್‌ಗಳಲ್ಲಿ ನನ್ನ ಲೆಕ್ಕ

ಡಿಸ್ನಿಯವರು ಒಂದು ಡಾಲರ್ ಕೂಡ ಬಿಡಲ್ಲ ಎಂದು ವಾದಿಸಿದವರಿಗೆಲ್ಲ ಈ ಸಲದ ರಸೀದಿ ತೋರಿಸಿ ಆಯಿತು. ಫ್ಲಾರಿಡಾದಲ್ಲೇ ಇರುವ ನಾವಿಬ್ಬರು, ಊರಿಂದ ಬಂದಿದ್ದ ಅಪ್ಪ ಅಮ್ಮ, ನಾಲ್ಕು ಜನಕ್ಕೂ ಡಿಸ್ನಿ ವರ್ಲ್ಡ್‌ನ ನಾಲ್ಕು ದಿನದ ಟಿಕೆಟ್. ಪಾರ್ಕಿನ ಸೈಟಿನಲ್ಲಿ ಮಾಮೂಲಿ ದರಕ್ಕೆ ಕೊಂಡಿದ್ದರೆ ಟ್ಯಾಕ್ಸ್ ಸೇರಿ 2,100 ಡಾಲರ್ ದಾಟುತ್ತಿತ್ತು. ನಾವು ಕೊಟ್ಟದ್ದು 1,500ರ ಆಸುಪಾಸು. ಎಲ್ಲರಿಗೂ ಅಗ್ಗವಾಗುವ ಒಂದು ಸೈಟ್ ಹುಡುಕುವುದನ್ನು ಬಿಟ್ಟು, ಯಾರಿಗೆ ಯಾವ ದರ ಸಿಗುತ್ತದೆ ಎಂದು ಜನರನ್ನೇ ವಿಂಗಡಿಸಿದ್ದಕ್ಕೆ ಇದು ಕೈಗೂಡಿತು.

ಫ್ಲಾರಿಡಾ ನಿವಾಸಿಗಳ ಟಿಕೆಟ್ ಸಾಮಾನ್ಯವಾಗಿ ಹೊಸ ವರ್ಷದ ಹೊತ್ತಿಗೆ ಬರುತ್ತದೆ. ನಾಲ್ಕು ದಿನದ್ದು ತಲಾ 250 ಡಾಲರ್ ಸುಮಾರು, ಮೇಲೆ ಆರೆಂಜ್ ಕೌಂಟಿಯ 6.5 ಶೇಕಡಾ ಟ್ಯಾಕ್ಸ್. ಹೊರಗಿನವರ ದರದ ಅರ್ಧ. ಆದರೆ ಅದರಲ್ಲಿ ಎರಡು ತೊಡಕು. ವಯಸ್ಕರು ಒಬ್ಬೊಬ್ಬರೂ ತಮ್ಮ ತಮ್ಮ ವಿಳಾಸದ ದಾಖಲೆ ತೋರಿಸಬೇಕು. ಮಗನ ಮನೆಯಲ್ಲಿ ಆರು ತಿಂಗಳಿದ್ದಾರೆ ಎಂಬ ಕಾರಣಕ್ಕೆ ವಿಸಿಟರ್ ವೀಸಾದ ಅಪ್ಪ ಅಮ್ಮ ಫ್ಲಾರಿಡಾದವರಾಗುವುದಿಲ್ಲ. ಬೇರೆ ರಾಜ್ಯದಿಂದ ಈಗಷ್ಟೇ ಬಂದವರು ಮೊದಲು ಲೈಸೆನ್ಸ್ ಬದಲಿಸಿಕೊಳ್ಳುವುದು ವಾಸಿ, ಬಿಲ್ಲು ಬಾಡಿಗೆ ಪತ್ರ ಹಿಡಿದು ಕೌಂಟರಿನಲ್ಲಿ ವಾದ ಮಾಡುವುದು ಬೆಳಗಿನ ತಂಪು ಹೊತ್ತನ್ನು ತಿನ್ನುತ್ತದೆ. ಎರಡನೆಯ ತೊಡಕು ಇನ್ನೂ ದೊಡ್ಡದು. ದಿನಾಂಕ ಆರಿಸಿ ಕೊಳ್ಳುವ ಮಾಮೂಲಿ ಟಿಕೆಟ್ಟಿಗೆ 2024ರ ಜನವರಿಯಿಂದ ಪಾರ್ಕ್ ರಿಸರ್ವೇಶನ್, ಅಂದರೆ ಯಾವ ದಿನ ಯಾವ ಪಾರ್ಕ್ ಎಂದು ಮೊದಲೇ ಕಾಯ್ದಿರಿಸುವುದು, ಬೇಕಿಲ್ಲ. ನಿವಾಸಿಗಳ ರಿಯಾಯಿತಿ ಟಿಕೆಟ್ಟಿಗೆ ಸಾಮಾನ್ಯವಾಗಿ ಬೇಕು, ಜೊತೆಗೆ ನಿಷಿದ್ಧ ದಿನಗಳೂ ಇರುತ್ತವೆ. ಹಾಗಾಗಿ ಕ್ರಮ ಹೀಗಿರಲಿ: ಮೊದಲು ರಿಸರ್ವೇಶನ್ ಕ್ಯಾಲೆಂಡರ್ ನೋಡಿ, ನಿವಾಸಿಗಳ ಟಿಕೆಟ್ ಕೊಂಡು, ದಿನಗಳನ್ನು ಕಟ್ಟಿಕೊಳ್ಳಿ. ಆಮೇಲೆ ಅದೇ ದಿನಗಳಿಗೆ ಹೊಂದುವಂತೆ ಹೊರಗಿನವರದ್ದು. ಉಲ್ಟಾ ಮಾಡಿದರೆ ಅಪ್ಪ ಅಮ್ಮ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ, ನೀವು ಪಾರ್ಕಿಂಗ್ ಲಾಟಿನಲ್ಲಿ.

ಹೊರಗಿನವರ ಟಿಕೆಟ್ಟಿಗೆ ಅಂಡರ್‌ಕವರ್ ಟೂರಿಸ್ಟ್‌ನಂಥ ಅಧಿಕೃತ ಮಾರಾಟಗಾರರು ಒಂದು ದಾರಿ. ಅವರು ತೋರಿಸುವುದು ಟ್ಯಾಕ್ಸ್ ಸೇರಿದ ದರ, ಪಾರ್ಕಿನ ಸೈಟ್ ತೋರಿಸುವುದು ಟ್ಯಾಕ್ಸ್ ಸೇರದ್ದು. ಇದನ್ನು ಗಮನಿಸದೆ ‘ಎರಡೂ ಒಂದೇ ರೇಟು’ ಅನ್ನುವವರೇ ಹೆಚ್ಚು. ನಾಲ್ಕು ದಿನದ್ದರಲ್ಲಿ ತಲಾ 30 ಡಾಲರ್ ಉಳಿಯಿತು. ಒಂದು ದಿನದ ಟಿಕೆಟ್ಟಿನಲ್ಲಿ ಎರಡು ಮೂರು ಡಾಲರ್ ಉಳಿದರೆ ಹೆಚ್ಚು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಒಂದು ದಿನದ ಟಿಕೆಟ್ಟಿಗೆ ಕೆಲಸಕ್ಕೆ ಬರುವುದು ಗಿಫ್ಟ್ ಕಾರ್ಡ್. ಟಾರ್ಗೆಟ್‌ ಅಂಗಡಿಯಲ್ಲಿ ಅವರದೇ ಪಾವತಿ ಕಾರ್ಡ್ ಉಜ್ಜಿ ಡಿಸ್ನಿ ಗಿಫ್ಟ್ ಕಾರ್ಡ್ ಕೊಂಡರೆ 5 ಶೇಕಡಾ ಕಡಿತ. ಸಣ್ಣ ಕಾರ್ಡುಗಳನ್ನು ಡಿಸ್ನಿಯ ಗಿಫ್ಟ್ ಕಾರ್ಡ್ ಸೈಟಿನಲ್ಲಿ ಒಂದಕ್ಕೆ ಸೇರಿಸಬಹುದು, 1,000 ಡಾಲರ್ ಮಿತಿ. ನಾಲ್ಕು ದಿನದ ಹೊರಗಿನವರ ಟಿಕೆಟ್ಟಿನಲ್ಲಿ ಗಿಫ್ಟ್ ಕಾರ್ಡ್ ದಾರಿಯೂ ಮಾರಾಟಗಾರರ ದಾರಿಯೂ ಹೆಚ್ಚುಕಡಿಮೆ ಸರಿಸಮ. ನಿವಾಸಿಗಳ ಟಿಕೆಟ್ಟನ್ನು ಪಾರ್ಕಿನಿಂದಲೇ ಕೊಳ್ಳುವುದರಿಂದ ಅಲ್ಲಿ ಕಾರ್ಡು ಸಲೀಸಾಗಿ ಗೆಲ್ಲುತ್ತದೆ: ತಲಾ 13 ಡಾಲರ್ ಇನ್ನೂ ಇಳಿಯಿತು. ಖಾಲಿಯಾದ ಕಾರ್ಡನ್ನು ಎಸೆಯಬೇಡಿ, ರೀಫಂಡ್ ಬಂದರೆ ಅದಕ್ಕೇ ಬರುತ್ತದೆ. ಸೆಕೆಂಡ್ ಹ್ಯಾಂಡ್ ಗಿಫ್ಟ್ ಕಾರ್ಡ್ 10 ಶೇಕಡಾ ಕಡಿಮೆಗೆ ಮಾರುವವರ ಕಡೆ ಹೋಗಲೇಬೇಡಿ. ನಂಬರ್ ಬರೆದಿಟ್ಟುಕೊಂಡವರು ನಿಮಗಿಂತ ಮೊದಲು ಖಾಲಿ ಮಾಡಿರುತ್ತಾರೆ.

ಇನ್ನು ಆರಂಭದ ದಿನಾಂಕ. ನಾಲ್ಕು ದಿನದ ಟಿಕೆಟ್ಟನ್ನು ಏಳು ದಿನದೊಳಗೆ ಬಳಸಬಹುದು, ದರ ನಿಗದಿಯಾಗುವುದು ನೀವು ಆರಿಸಿದ ಮೊದಲ ದಿನದ ಮೇಲೆ. ಶನಿವಾರದಿಂದ ಮಂಗಳವಾರದವರೆಗೆ ಹೋಗುವವರು ಬುಧವಾರದಿಂದ ಆರಂಭ ಎಂದು ಹಾಕಿದರೂ ನಾಲ್ಕೂ ದಿನ ಗಡುವಿನೊಳಗೇ ಬೀಳುತ್ತವೆ. ರಜೆಯ ಜನಸಂದಣಿ ಏರುತ್ತಿರುವ ವಾರದಲ್ಲಿ ತಲಾ 10-20 ಡಾಲರ್ ಇಳಿಯುತ್ತದೆ. ರಜೆ ಮುಗಿದು ದರ ಇಳಿಯುತ್ತಿರುವ ವಾರದಲ್ಲಿ ಇದೇ ಚಾಲಾಕಿ ಉಲ್ಟಾ ಹೊಡೆಯುತ್ತದೆ. ಪ್ರವಾಸ ಒಂದು ದಿನ ಮುಂದಕ್ಕೆ ಹೋದರೆ ಕೊನೆಯ ದಿನ ಗಡುವಿನಾಚೆ, ಅಷ್ಟು ಎಚ್ಚರವಿರಲಿ. ಮಾರಾಟಗಾರರ ಟಿಕೆಟ್ಟನ್ನು ಪಾರ್ಕ್ ಹಾಪರ್‌ಗೆ (ಒಂದೇ ದಿನ ಒಂದಕ್ಕಿಂತ ಹೆಚ್ಚು ಪಾರ್ಕಿಗೆ ಹೋಗಬಹುದಾದ ಟಿಕೆಟ್) ಏರಿಸುವಾಗ ಇನ್ನೊಂದು ಉಳಿತಾಯವಿದೆ, ಅದನ್ನು ಬಿಡಿಸಿ ಬರೆಯುವುದಿಲ್ಲ. ಬರೆದರೆ ಬಾಗಿಲು ಬೇಗ ಮುಚ್ಚುತ್ತದೆ.

ಕೈಕೊಟ್ಟ ದಾರಿಗಳೂ ಬೇಕಾದಷ್ಟು. ಕಂಪನಿಯ ಉದ್ಯೋಗಿ ರಿಯಾಯಿತಿ ಪೋರ್ಟಲ್ ಮೊದಲ ಪುಟದಲ್ಲಿ ಅಗ್ಗ, ಕೊನೆಯ ಪುಟದಲ್ಲಿ ಸರ್ವಿಸ್ ಫೀ ಸೇರಿ ಸಮ. ಪಕ್ಕದ ಊರು ಕಿಸ್ಸಿಮ್ಮಿಯ 192ನೇ ರಸ್ತೆಯ ಟಿಕೆಟ್ ಬೂತುಗಳ ಅಗ್ಗದ ದರದ ಹಿಂದೆ ಟೈಮ್‌ಶೇರ್ (ರಜೆಯ ಮನೆಯಲ್ಲಿ ಪಾಲು) ಮಾರುವ ಭಾಷಣ: ಹೇಳುವುದು 90 ನಿಮಿಷ, ಹೋಗುವುದು ಅರ್ಧ ದಿನ, ಗಂಡ ಹೆಂಡತಿ ಇಬ್ಬರೂ ಕೂರಬೇಕು. ಅರ್ಧ ಬಳಸಿದ ಟಿಕೆಟ್ ಕೊಳ್ಳುವುದಂತೂ ದಂಡ. ಮೊದಲ ಸಲ ಒಳಹೋದವರ ಬೆರಳಿನ ಗುರುತಿಗೆ ಅದು ಅಂಟಿಕೊಂಡಿರುತ್ತದೆ, ಫ್ಲಾರಿಡಾದಲ್ಲಿ ಅದನ್ನು ಮಾರುವುದು ಕಾನೂನುಬಾಹಿರ ಕೂಡ.

ಸೀವರ್ಲ್ಡ್‌ನ ಫನ್ ಕಾರ್ಡ್ ಕೂಡ ಪ್ರಯೋಗ ಮಾಡಿ ನೋಡಿದೆ. ಒಂದು ದಿನದ ದುಡ್ಡಿಗೆ ವರ್ಷವಿಡೀ ಹೋಗಬಹುದು, ಸರಿ. ಆದರೆ ಪಾರ್ಕಿಂಗ್ ಸೇರಿಲ್ಲ, ಪ್ರತಿ ಸಲ 30 ಡಾಲರ್ ಮೇಲೆ. ನಾಲ್ಕು ಜನ ಒಂದೇ ಕಾರಿನಲ್ಲಿ ಹೋದರೆ ಗಿಟ್ಟುತ್ತದೆ, ಒಬ್ಬರೇ ಹೋದರೆ ಇಲ್ಲ. ಐದು ವರ್ಷದವರೆಗಿನ ಮಕ್ಕಳಿರುವ ಫ್ಲಾರಿಡಾದವರಿಗೆ ಅಲ್ಲಿ ಉಚಿತ ಪ್ರಿಸ್ಕೂಲ್ ಕಾರ್ಡ್ ಇದೆ, ನೋಂದಣಿಯ ಕೊನೆಯ ದಿನ ನೋಡಿಕೊಳ್ಳಿ. ಡಿಸ್ನಿಯಲ್ಲಿ ಮೂರು ತುಂಬದ ಮಗುವಿಗೆ ಟಿಕೆಟ್ಟೇ ಬೇಡ. ಹತ್ತು ತುಂಬಿದರೆ ದೊಡ್ಡವರ ದರ.

ಕ್ಯಾಲಿಫೋರ್ನಿಯಾದವರು ಈ ಲೆಕ್ಕವನ್ನು ಹಾಗೇ ಎತ್ತಿಕೊಂಡು ಹೋಗಬೇಡಿ. ಡಿಸ್ನಿಲ್ಯಾಂಡಿನ ಸ್ಥಳೀಯ ರಿಯಾಯಿತಿ ಸಾಮಾನ್ಯವಾಗಿ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ, ಜಿಪ್ ಕೋಡ್ 90000ರಿಂದ 93599. ಜಿಪ್ 94, 95ರಿಂದ ಶುರುವಾಗುವ ಬೇ ಏರಿಯಾ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ) ಜನ ಅದೇ ರಾಜ್ಯದಲ್ಲಿದ್ದೂ ಆ ರಿಯಾಯಿತಿಗೆ ಹೊರಗಿನವರೇ. ಅಲ್ಲಿ ಪ್ರವೇಶ ಟಿಕೆಟ್ಟಿಗೆ ಸೇಲ್ಸ್ ಟ್ಯಾಕ್ಸ್ ಇಲ್ಲ, ಆದ್ದರಿಂದ ಟ್ಯಾಕ್ಸ್ ಸೇರಿದ ದರ ಎಂಬ ಮಾರಾಟಗಾರರ ಅನುಕೂಲವೂ ಇಲ್ಲ. ನೇರ ಕಡಿತ ಎಷ್ಟು ಎಂದಷ್ಟೇ ನೋಡಿ, ಗಿಫ್ಟ್ ಕಾರ್ಡಿನ 5 ಶೇಕಡಾದ ಪಕ್ಕ ಇಟ್ಟು ಹೋಲಿಸಿ.