ಮೊದಲು ಹಾಸಿಗೆ, ಆಮೇಲೆ ದಾರಿ: ಮೊಂ ಬ್ಲಾಂ ಸುತ್ತಲು ತಯಾರಿ

ಆಲ್ಪ್ಸ್‌ನ ಮೊಂ ಬ್ಲಾಂ ಬೆಟ್ಟಸಾಲಿಗೆ ನಡೆದೇ ಒಂದು ಸುತ್ತು ಹಾಕಬಹುದು. ಸುಮಾರು 170 ಕಿಲೋಮೀಟರ್. ಫ್ರಾನ್ಸ್‌ನಲ್ಲಿ ಹೊರಟು, ಇಟಲಿ, ಸ್ವಿಟ್ಜರ್ಲೆಂಡ್ ದಾಟಿ ಮತ್ತೆ ಫ್ರಾನ್ಸ್‌ಗೇ ಬಂದು ಸೇರುವ ದಾರಿ. ಹೆಸರು ಟೂರ್ ದ್ಯು ಮೊಂ ಬ್ಲಾಂ. ನಾನೂ ನನ್ನ ತಂಗಿಯೂ 2023ರ ಜುಲೈನಲ್ಲಿ ಇದನ್ನು ನಡೆದೆವು. ಆಗ ನನಗೆ 51 ವರ್ಷ. ಮೈಸೂರಿಗೆ ವಾಪಸ್ ಬಂದಾಗಿನಿಂದ ಗೆಳತಿಯರು ಕೇಳುವುದು ಒಂದೇ ಪ್ರಶ್ನೆ: ಪ್ಲಾನ್ ಹೇಗೆ ಮಾಡಿದಿರಿ?

ಶುರುವಿನಲ್ಲಿ ನಾವು 170ನ್ನು ಹತ್ತು ದಿನಕ್ಕೆ ಹಂಚಿ, ದಿನಕ್ಕೆ 17 ಕಿಲೋಮೀಟರ್ ಅಂತ ಬರೆದುಕೊಂಡೆವು. ಈ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಇಡೀ ಸುತ್ತಿನಲ್ಲಿ ಹತ್ತುವ ಎತ್ತರವನ್ನೆಲ್ಲ ಕೂಡಿದರೆ ಸುಮಾರು 10,000 ಮೀಟರ್. ಹಾಗಾಗಿ ದೂರ ಮತ್ತು ಏರು, ಎರಡನ್ನೂ ಸೇರಿಸಿ ಗಂಟೆಗಳಲ್ಲಿ ಲೆಕ್ಕ ಹಾಕಿ. 1892ರಲ್ಲಿ ನೇಸ್ಮಿತ್ ಅನ್ನುವ ಸ್ಕಾಟ್ಲೆಂಡ್‌ನವರು ಕೊಟ್ಟ ಸೂತ್ರ ಈಗಲೂ ಕೆಲಸಕ್ಕೆ ಬರುತ್ತದೆ. 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ.

ನಮ್ಮ ಎರಡನೇ ದಿನವನ್ನೇ ನೋಡಿ. ಲೆ ಕೊಂತಮೀನ್ ಊರು 1,167 ಮೀಟರ್‌ನಲ್ಲಿದೆ. ಅಲ್ಲಿಂದ ಕೊಲ್ ದ್ಯು ಬೊನೊಮ್ ದಾಟಿ ಸುಮಾರು 2,480 ಮೀಟರ್‌ವರೆಗೆ ಹತ್ತಬೇಕು. ಕೊಲ್ ಅಂದರೆ ಬೆಟ್ಟಸಾಲನ್ನು ದಾಟುವ ಜಾಗ, ನಾವು ಘಾಟಿ ಅಂತೀವಲ್ಲ, ಅದು. ಆಮೇಲೆ 900 ಮೀಟರ್‌ಗೂ ಜಾಸ್ತಿ ಇಳಿದರೆ ಲೆ ಶಾಪ್ಯೂ. ಸೂತ್ರದ ಪ್ರಕಾರ ಆರು ಗಂಟೆ. ನಮಗೆ ಊಟ, ವಿಶ್ರಾಂತಿ, ಇಳಿಜಾರು ಎಲ್ಲ ಸೇರಿ ಒಂಬತ್ತು ಗಂಟೆ ಹಿಡಿಯಿತು. ನಿಮ್ಮ ಲೆಕ್ಕ ನಿಮಗೇ ಗೊತ್ತಾಗಬೇಕು ಅಂದರೆ ಇಲ್ಲೇ ಒಂದು ಬೆಟ್ಟ ಹತ್ತಿ ನೋಡಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಉಸಿರಿಗೆ ಒಳ್ಳೆಯದು, ಆದರೆ ಬೇಗ ಮುಗಿದುಹೋಗುತ್ತದೆ. ಕುಕ್ಕೆಯಿಂದ ಕುಮಾರಪರ್ವತವೇ ಸರಿಯಾದ ಪರೀಕ್ಷೆ. ಬೆನ್ನಿಗೆ 7 ಕಿಲೋ ಚೀಲ ಹಾಕಿಕೊಂಡು ಹೋಗಿ, ಸೂತ್ರಕ್ಕಿಂತ ಎಷ್ಟು ಹೊತ್ತು ಜಾಸ್ತಿ ಬೇಕಾಯಿತು ಅಂತ ಬರೆದಿಟ್ಟುಕೊಳ್ಳಿ. ನಾವು ಆ ಅಳತೆಯಲ್ಲೇ ಎಲ್ಲ ದಿನಗಳನ್ನೂ ಮತ್ತೆ ಹಂಚಿದೆವು. ಹನ್ನೊಂದು ದಿನದ ನಡಿಗೆ, ಮಧ್ಯೆ ಒಂದು ದಿನ ವಿಶ್ರಾಂತಿ ಅಂತಾಯಿತು.

ಇನ್ನು ಹಾಸಿಗೆ. ದಾರಿ ಸಾವಿರಾರು ವರ್ಷದಿಂದ ಅಲ್ಲೇ ಇರುವ ಬೆಟ್ಟದ ಮೇಲಿದೆ, ಎಲ್ಲೂ ಹೋಗುವುದಿಲ್ಲ. ಹಾಸಿಗೆ ಮಾತ್ರ ಖಾಲಿಯಾಗುತ್ತದೆ. ಬೆಟ್ಟದ ಮೇಲಿನ ತಂಗುಮನೆಗಳು ಹೆಚ್ಚುಕಡಿಮೆ ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಾತ್ರ ತೆರೆದಿರುತ್ತವೆ. ಜೂನ್‌ನಲ್ಲಿ ಎತ್ತರದ ಘಾಟಿಗಳಲ್ಲಿ ಹಿಮ ಉಳಿದಿರುತ್ತದೆ. ಆಗಸ್ಟ್ ಕೊನೆಗೆ ಇದೇ ಬೆಟ್ಟಗಳಲ್ಲಿ ದೊಡ್ಡ ಓಟದ ಸ್ಪರ್ಧೆ ಇದೆ, ಆ ವಾರ ಜಾಗ ಸಿಗುವುದು ಕಷ್ಟ. ಹಾಗಾಗಿ ನಾವು ಜುಲೈ ಆರಿಸಿಕೊಂಡೆವು, ಜನವರಿಯಲ್ಲೇ ಬುಕ್ ಮಾಡಲು ಕೂತೆವು. ಇಟಲಿ ಕಡೆಯ ಎರಡು ತಂಗುಮನೆ, ಎಲಿಸಬೆತ್ತಾ ಮತ್ತು ಬೊನಾತ್ತಿ, ಇವನ್ನು ಮೊದಲು ಹಿಡಿಯಿರಿ. ಅಲ್ಲಿ ಅಕ್ಕಪಕ್ಕ ಬೇರೆ ಮನೆಗಳು ಕಡಿಮೆ. ಆ ಎರಡು ತಾರೀಕು ಗಟ್ಟಿಯಾದ ಮೇಲೆ ಹಿಂದೆ ಮುಂದೆ ಉಳಿದ ರಾತ್ರಿಗಳನ್ನು ಜೋಡಿಸಿ.

ಒಂದು ಕಡೆ ನಮ್ಮ ಹೆಸರು ಮರುದಿನದ ಪಟ್ಟಿಯಲ್ಲಿತ್ತು. ಇಮೇಲ್ ಪ್ರಿಂಟ್ ಕೈಯಲ್ಲಿದ್ದದ್ದರಿಂದ ಊಟದ ಕೋಣೆಯಲ್ಲಿ ಹಾಸಿಗೆ ಹಾಕಿಕೊಟ್ಟರು. ಬೆಟ್ಟದ ಮೇಲೆ ಮೊಬೈಲ್ ಸಿಗ್ನಲ್ ನಂಬಬೇಡಿ, ಪ್ರತಿ ಬುಕಿಂಗನ್ನೂ ಕಾಗದದಲ್ಲಿ ಇಟ್ಟುಕೊಳ್ಳಿ. ಮಲಗಲು ನಿಮ್ಮದೇ ಬಟ್ಟೆಯ ಹೊದಿಕೆಚೀಲ ಬೇಕು, ಕಂಬಳಿ ಅವರು ಕೊಡುತ್ತಾರೆ.

ಹಾಸಿಗೆ ಆದ ಮೇಲೇ ವೀಸಾ. ಇದಕ್ಕೊಂದು ಕಾರಣವಿದೆ. ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು. ಆ ವೀಸಾ ಒಂದೇ ಮೂರು ದೇಶಕ್ಕೂ ಸಾಕು, ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿ ಇಲ್ಲದಿದ್ದರೂ ಷೆಂಗೆನ್‌ನಲ್ಲಿದೆ. ಆದರೆ ಅರ್ಜಿಯನ್ನು ನೀವು ಜಾಸ್ತಿ ದಿನ ಇರುವ ದೇಶಕ್ಕೇ ಹಾಕಬೇಕು. ಎಲ್ಲ ಕಡೆ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ನಮ್ಮದು ಹದಿಮೂರು ರಾತ್ರಿ: ಫ್ರಾನ್ಸ್ 6, ಇಟಲಿ 4, ಸ್ವಿಟ್ಜರ್ಲೆಂಡ್ 3. ವಿಮಾನ ಇಳಿದದ್ದು ಜಿನೀವಾದಲ್ಲಿ, ಅರ್ಜಿ ಹಾಕಿದ್ದು ಫ್ರಾನ್ಸ್‌ಗೆ. ಅರ್ಜಿಯ ಜೊತೆ ಒಂದು ಹಾಳೆಯಲ್ಲಿ ತಾರೀಕು, ಊರು, ದೇಶ, ತಂಗುಮನೆ ಅಂತ ನಾಲ್ಕು ಕಾಲಂ ಮಾಡಿ ಇಟ್ಟೆವು. ಪ್ರಯಾಣಕ್ಕೆ ಆರು ತಿಂಗಳು ಇದ್ದಾಗಿನಿಂದ ಅರ್ಜಿ ಹಾಕಬಹುದು. ವಿಮೆ ಕನಿಷ್ಠ 30,000 ಯೂರೋ ಇರಲೇಬೇಕು. ಬೆಟ್ಟದಲ್ಲಿ ಹುಡುಕಿ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚು ಅದರಲ್ಲಿ ಸೇರಿದೆಯಾ ಅಂತ ಬರಹದಲ್ಲೇ ಕೇಳಿ ತಿಳಿದುಕೊಳ್ಳಿ. ಮೂರೂ ದೇಶದಲ್ಲಿ ತುರ್ತು ನಂಬರ್ 112.

ಗಡಿಗಳೆಲ್ಲ ಘಾಟಿಗಳ ಮೇಲೇ ಇವೆ. ಕೊಲ್ ದ ಲಾ ಸೇನ್ಯದಲ್ಲಿ, 2,516 ಮೀಟರ್ ಎತ್ತರದಲ್ಲಿ, ಇಟಲಿಗೆ ಕಾಲಿಟ್ಟಾಗ ಕಾವಲಿನವರಿಲ್ಲ, ಗೇಟಿಲ್ಲ, ಬರೀ ಗಾಳಿ. ತಂಗಿ ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟು ನಿಂತುಕೊಂಡಳು. ಆದರೂ ಪಾಸ್‌ಪೋರ್ಟ್ ಚೀಲದ ತಳದಲ್ಲಲ್ಲ, ಮೈಮೇಲೇ ಇರಲಿ. ಗ್ರಾಂ ಕೊಲ್ ಫೆರೆ ದಾಟಿ ಸ್ವಿಟ್ಜರ್ಲೆಂಡ್‌ಗೆ ಇಳಿದರೆ ದುಡ್ಡು ಬದಲಾಗುತ್ತದೆ, ಯೂರೋ ಹೋಗಿ ಫ್ರಾಂಕ್. ಫೋನ್ ಪ್ಯಾಕ್ ತೆಗೆದುಕೊಳ್ಳುವಾಗಲೂ ಸ್ವಿಟ್ಜರ್ಲೆಂಡ್ ಸೇರಿದೆಯಾ ನೋಡಿ, ಎಷ್ಟೋ ಯುರೋಪ್ ಪ್ಯಾಕ್‌ಗಳಲ್ಲಿ ಅದು ಇರುವುದಿಲ್ಲ. ಅಲ್ಲಿನ ಹಳದಿ ಫಲಕಗಳಲ್ಲಿ ನಡೆಯುವ ಹೊತ್ತು ಬರೆದಿರುತ್ತಾರೆ, ವಿಶ್ರಾಂತಿ ಅದರಲ್ಲಿ ಸೇರಿಲ್ಲ.

ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿ, ಹಿಂದಿನ ದಿನ ಫೋನ್ ಮಾಡಿ ಇನ್ನೊಮ್ಮೆ ನೆನಪಿಸಿ. ಮಾಂಸ, ಮೀನು, ಕೋಳಿ ಮೂರೂ ಬೇಡ ಅಂತ ಬಿಡಿಸಿ ಹೇಳಬೇಕು, ಸೂಪಿನ ನೀರು ಮಾಂಸದ್ದಾ ಅಂತಲೂ ಕೇಳಬೇಕು. ರಾತ್ರಿ ಊಟ ಎಲ್ಲರಿಗೂ ಒಂದೇ ಹೊತ್ತಿಗೆ, ಅದನ್ನು ತಪ್ಪಿಸಿಕೊಂಡರೆ ಬೇರೆ ಅಂಗಡಿ ಇಲ್ಲ. ನಾವು ಚಟ್ನಿಪುಡಿ ಒಯ್ದಿದ್ದೆವು, ಇಟಲಿಯ ಪೊಲೆಂತಾಕ್ಕೆ (ಮುಸುಕಿನ ಜೋಳದ ಮುದ್ದೆಯಂಥದ್ದು) ತುಂಬಾ ಚೆನ್ನಾಗಿ ಹೊಂದಿತು. ತುಪ್ಪ, ಹಾಲಿನ ಸಿಹಿತಿಂಡಿ ಒಯ್ಯಬೇಡಿ. ಹಾಲಿನ ಪದಾರ್ಥಗಳನ್ನು ಭಾರತದಿಂದ ತರಲು ಅಲ್ಲಿ ಬಿಡುವುದಿಲ್ಲ.

ವಿಶ್ರಾಂತಿಯ ದಿನವನ್ನು ಇಟಲಿಯ ಕೂರ್ಮಯೋರ್‌ನಲ್ಲಿ ಇಡಿ. ದೊಡ್ಡ ಊರು, ಔಷಧಿ ಅಂಗಡಿ ಇದೆ, ಬಟ್ಟೆ ಒಗೆಯಬಹುದು. ಮಳೆ ಗುಡುಗು ಬಂದರೆ ಎಲ್ಲಿ ಬಸ್ ಹತ್ತಬಹುದು ಅಂತ ಮೊದಲೇ ನಕ್ಷೆಯಲ್ಲಿ ಗುರುತು ಹಾಕಿ. ಸ್ವಿಟ್ಜರ್ಲೆಂಡ್‌ನ ಲಾ ಫೂಲಿಯಿಂದ ಶಾಂಪೇಗೆ ನಾವು ಬಸ್ಸಿನಲ್ಲೇ ಹೋದೆವು, ತಂಗಿಯ ಮಂಡಿ ಊದಿತ್ತು. ಮತ್ತೆ ಫ್ರಾನ್ಸ್‌ಗೆ ಬಂದು ತ್ರೆ ಲ ಶಾಂ ಹಳ್ಳಿ ದಾಟಿದ ಮೇಲೆ ಬಂಡೆಗೆ ಕಬ್ಬಿಣದ ಏಣಿಗಳಿವೆ. ಎತ್ತರದ ಭಯ ಇದ್ದವರು ಕೊಲ್ ದೆ ಮೊಂತೆ ಕಡೆಯಿಂದ ಹತ್ತಿ, ಆ ದಾರಿಯಲ್ಲಿ ಏಣಿ ಇಲ್ಲ.

ಕೊನೆಯ ದಿನ ಬ್ರೆವಾಂ ಶಿಖರ 2,525 ಮೀಟರ್, ಮುಗಿಯುವ ಊರು ಲೆ ಝೂಶ್ ಸುಮಾರು 1,000 ಮೀಟರ್. ಒಂದೇ ಸಮನೆ 1,500 ಮೀಟರ್ ಇಳಿಯಬೇಕು. ಆ ಸಂಜೆಗೆ ಬಸ್ಸು, ವಿಮಾನ ಏನೂ ಬುಕ್ ಮಾಡಬೇಡಿ. ಊರಲ್ಲೇ ಒಂದು ರಾತ್ರಿ ಮಲಗಿ, ಬೆಳಗ್ಗೆ ಜಿನೀವಾಕ್ಕೆ ಹೊರಡಿ.