ಅಲಸಂದೆ ಗಂಟು, ಅಡುಗೆ ಕುಕ್ಕರ್, ರೈಜೋಬಿಯಂ

ಕಾಲೇಜು ಲ್ಯಾಬಿನ ಆಟೋಕ್ಲೇವ್ (ಒತ್ತಡದ ಆವಿಯಲ್ಲಿ ಸೂಕ್ಷ್ಮಾಣು ಕೊಲ್ಲೋ ಯಂತ್ರ) ಕೆಟ್ಟು ಕೂತಿದೆ, ಶುದ್ಧ ಗಾಳಿ ಬೀಸೋ ಲ್ಯಾಮಿನಾರ್ ಪೆಟ್ಟಿಗೆ ಅಂತೂ ಇಲ್ಲವೇ ಇಲ್ಲ, ಈ ಸಲ ರೈಜೋಬಿಯಂ (ಬೇರುಗಂಟಿನಲ್ಲಿ ಸಾರಜನಕ ಹಿಡಿಯೋ ಬ್ಯಾಕ್ಟೀರಿಯಾ) ಪ್ರಾಕ್ಟಿಕಲ್ಲನ್ನು ಚಾರ್ಟ್ ತೋರಿಸಿ ಮುಗಿಸಿಬಿಡಿ ಅಂದವರೇ ಹೆಚ್ಚು. 'ಕುಕ್ಕರ್‌ನಲ್ಲಿ ಸಾರು ಮಾಡಿ ಸರ್, ಮೀಡಿಯಾ ಅಲ್ಲ' ಅಂತ ನಕ್ಕರು; ಮೀಡಿಯಾ ಅಂದರೆ ಬ್ಯಾಕ್ಟೀರಿಯಾ ಬೆಳೆಸೋ ಆಹಾರ. ಈಗ ಅದೇ ಕುಕ್ಕರ್‌ನ ಕಲ್ಚರ್ (ಬೆಳೆಸಿದ ಬ್ಯಾಕ್ಟೀರಿಯಾ) ಕೇಳಿಕೊಂಡು ಬರುತ್ತಾರೆ.

ಮನೆ ಕುಕ್ಕರ್‌ನ ವೆಯಿಟ್ ಏಳೋದು ಸುಮಾರು 15 ಪೌಂಡ್ ಒತ್ತಡಕ್ಕೇ, ಆಟೋಕ್ಲೇವ್‌ನಷ್ಟೇ. ಆದರೆ ತುಮಕೂರು ಸಮುದ್ರಮಟ್ಟದಿಂದ ಎಂಟುನೂರು ಮೀಟರ್ ಮೇಲಿದೆ, ಹಾಗಾಗಿ ಒಳಗೆ 121 ಡಿಗ್ರಿ ಮುಟ್ಟೋದಿಲ್ಲ, ಒಂದೂವರೆ ಡಿಗ್ರಿಯಷ್ಟು ಕಮ್ಮಿ ಬೀಳುತ್ತೆ. ಗಾಳಿಯೆಲ್ಲ ಹೊರಗೆ ಹೋಗೋವರೆಗೆ ಆವಿ ಬಿಟ್ಟು, ಆಮೇಲೆ ವೆಯಿಟ್ ಹಾಕಿ, ಹದಿನೈದು ನಿಮಿಷದ ಬದಲು ಅರ್ಧ ಗಂಟೆ ಇಡುತ್ತೇನೆ.

ನಿಜವಾದ ಕಾಟ ಅಲಸಂದೆ ಬೇರಿನ ಗಂಟು ತೊಳೆಯೋದರಲ್ಲಿ: ಹೊರಗಿನ ಸೂಕ್ಷ್ಮಾಣು ಸಾಯಬೇಕು, ಒಳಗಿನ ರೈಜೋಬಿಯಂ ಉಳಿಯಬೇಕು. ಮೊದಮೊದಲು ಪ್ಲೇಟ್ ತುಂಬಾ ಸುಕ್ಕುಸುಕ್ಕಾದ ಬ್ಯಾಸಿಲಸ್ (ಮಣ್ಣಿನ ಬೇರೆ ಬ್ಯಾಕ್ಟೀರಿಯಾ), ಅದರ ಮೇಲೆ ಬೂಷ್ಟು. ಪಾದರಸದ ವಿಷವಾದ ಮರ್ಕ್ಯುರಿಕ್ ಕ್ಲೋರೈಡನ್ನು ಹುಡುಗರ ಕೈಗೆ ಕೊಡಲ್ಲ ಅಂತ ಹಟ ಹಿಡಿದಿದ್ದೆ, ಬ್ಲೀಚ್‌ನಲ್ಲೇ ಸಾಧಿಸಿದೆ. ಗಂಟನ್ನು ಕೀಳಬಾರದು, ಎರಡೂ ಕಡೆ ಅರ್ಧ ಸೆಂಟಿಮೀಟರ್ ಬೇರು ಬಿಟ್ಟೇ ಕತ್ತರಿಸಬೇಕು, ಇಲ್ಲದಿದ್ದರೆ ಬ್ಲೀಚ್ ಗಾಯದಿಂದ ಒಳಗಿಳಿದು ಬೇಕಾದದ್ದನ್ನೇ ಕೊಲ್ಲುತ್ತೆ. ಅದೇ ಬೇರಿನ ಇನ್ನೊಂದು ಗಂಟು ಸೀಳಿದಾಗ ಒಳಗೆ ಗುಲಾಬಿ ಬಣ್ಣ ಕಂಡರೆ ಮಾತ್ರ ಆ ಬೇರು ಕೆಲಸಕ್ಕೆ ಬರುತ್ತೆ. ಕೊನೆ ಸಲ ತೊಳೆದ ನೀರನ್ನೂ ಒಂದು ಪ್ಲೇಟಿಗೆ ಸ್ಟ್ರೀಕ್ ಮಾಡಿಡಿ (ಗೆರೆ ಎಳೆದು ಹಚ್ಚಿಡಿ), ಅದರಲ್ಲಿ ಏನಾದರೂ ಬೆಳೆದರೆ ಆ ಬ್ಯಾಚ್ ಅಲ್ಲಿಗೇ ಬಿಡಿ. ಬ್ಲೀಚ್ ಎಷ್ಟು ತೆಳುವಾಗಿರಬೇಕು, ಎಷ್ಟು ಹೊತ್ತು ಅನ್ನೋದು ನನ್ನ ಹತ್ತಿರವೇ ಇರಲಿ, ಕಷ್ಟಪಟ್ಟು ಕಂಡುಕೊಂಡದ್ದು.

ದುಡ್ಡಿನ ವಿಷಯ. ಮೀಡಿಯಾ ಹೆಪ್ಪುಗಟ್ಟಿಸೋ ಲ್ಯಾಬ್ ಅಗರ್ ಅರ್ಧ ಕಿಲೋಗೆ ನಾಲ್ಕು ಸಾವಿರದ ಆಸುಪಾಸು ಆಗಿತ್ತು. ಕಿರಾಣಿ ಅಂಗಡಿಯ ಚೈನಾ ಗ್ರಾಸ್ ಹಾಕಿ ನೋಡಿದೆ. ಹೆಪ್ಪುಗಟ್ಟಿತು, ಆದರೆ ಮಬ್ಬು, ಕಲ್ಚರ್ ಹಚ್ಚೋ ತಂತಿ ಲೂಪ್ ತಾಗಿದರೆ ಹರಿಯುತ್ತಿತ್ತು. ಈಗ ಲ್ಯಾಬ್ ಅಗರನ್ನೇ ತಂದು ಪ್ಲೇಟಿಗೆ ಹದಿನೈದು ಎಂಎಲ್ ಮೇಲೆ ಸುರಿಯಲ್ಲ. ಮೀಡಿಯಾದಲ್ಲಿ ಬ್ಯಾಕ್ಟೀರಿಯಾಗೆ ಆಹಾರವಾಗೋ ಮ್ಯಾನಿಟಾಲ್ ಬದಲು ಸಕ್ಕರೆ ಹಾಕಿದ್ದೂ ಉಂಟು: ಮೆಂತ್ಯದ ರೈಜೋಬಿಯಂ ಸೊಗಸಾಗಿ ಬಂತು, ಅಲಸಂದೆಯದು ಕದಲಲಿಲ್ಲ. ಅಲಸಂದೆಯದು ನಿಧಾನವಾಗಿ ಬೆಳೆಯೋ ಜಾತಿ, ಅದಕ್ಕೆ ಸಕ್ಕರೆ ಒಗ್ಗಲ್ಲ.

ಕಾಲೇಜಿನ ಇನ್‌ಕ್ಯುಬೇಟರ್ ಯಾವಾಗಲೂ 37 ಡಿಗ್ರಿಗೇ ಇರುತ್ತೆ, ಇದಕ್ಕೆ ಅದು ಬೇಡ. ತೊಳೆದ ಗಂಟನ್ನು ಜಜ್ಜಿ ಆ ರಸ ಹಚ್ಚಿದ ಪ್ಲೇಟ್ ಬೋರಲು ಹಾಕಿ ಕಬ್ಬಿಣದ ಬೀರುವಿನಲ್ಲಿಟ್ಟೆ. 28ರ ಹತ್ತಿರ ಬಿಸಿ ಸಿಗುತ್ತೆ, ಕತ್ತಲೆಯೂ ಸಿಗುತ್ತೆ; ಮೀಡಿಯಾಗೆ ಹಾಕೋ ಕಾಂಗೋ ರೆಡ್ ಬಣ್ಣವನ್ನು ಬೇರೆ ಬ್ಯಾಕ್ಟೀರಿಯಾ ಹೀರಿ ಕೆಂಪಾಗುತ್ತವೆ, ಬೆಳಕು ಬಿದ್ದರೆ ರೈಜೋಬಿಯಂ ಕೂಡ ಹೀರಿ ಮೋಸ ಮಾಡುತ್ತೆ. ವಾರ ಕಳೆದ ಮೇಲೆ ಚಿಕ್ಕ, ಬಿಳಿ, ಹೊಳೆಯೋ ಕಾಲೊನಿಗಳು (ಬ್ಯಾಕ್ಟೀರಿಯಾದ ಚುಕ್ಕೆಗಳು) ಕಂಡವು. ಕೆಂಪಾಗಿ ಎದ್ದವನ್ನು ಬಿಟ್ಟು ಬಿಳಿಯವನ್ನೇ ಎರಡು ಮೂರು ಸಲ ಸ್ಟ್ರೀಕ್ ಮಾಡಿದೆ.

'ಬಿಳಿ ಇದ್ದದ್ದೆಲ್ಲ ರೈಜೋಬಿಯಮ್ಮಾ?' ಅಂತ ಕೆಲವರು ಅಂದರು. ಕುಕ್ಕರ್‌ನಲ್ಲೇ ಬೇಯಿಸಿದ ಮರಳಲ್ಲಿ ಅಲಸಂದೆ ಹಾಕಿ, ಅರ್ಧ ಲೋಟಗಳಿಗೆ ಕಲ್ಚರ್ ಕೊಟ್ಟೆ, ಉಳಿದವಕ್ಕೆ ಬರೀ ನೀರು. ತಿಂಗಳ ಹೊತ್ತಿಗೆ ಕಿತ್ತು ತೋರಿಸಿದೆ: ಕಲ್ಚರ್ ಕೊಟ್ಟ ಗಿಡದಲ್ಲಿ ಗಂಟಿನ ಗೊಂಚಲು, ನೀರಿನವು ಬೋಳು ಬೇರು. ಈಗ ಶೇಂಗಾ ಗಂಟಿಗೆ ಕೈ ಹಾಕಿದ್ದೇನೆ, ಬ್ಲೀಚ್ ಲೆಕ್ಕ ಅದಕ್ಕೆ ಬೇರೆಯೇ ಬೇಕು ಅನ್ನಿಸುತ್ತಿದೆ.